ಆಸ್ಟಿನ್ ಕಾರಿನ ಟ್ಯಾಂಕಿನಲ್ಲಿ ಸಿಕ್ಕಿದ್ದು

ಬಿಚ್ಚಿಟ್ಟ ಪೆಟ್ರೋಲ್ ಟ್ಯಾಂಕಿನೊಳಗೆ ಕದಿರಪ್ಪ ತಂತಿಯ ಕೊಕ್ಕೆ ಹಾಕಿ ಎಳೆದ. ತುಕ್ಕಿನ ಪುಡಿಯ ಜೊತೆಗೆ ಉದ್ದನೆಯ ಬಟ್ಟೆಯೊಂದು ಹೊರಗೆ ಬಂತು. ಕಾರಿನ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದ ಅವನ ಅತ್ತಿಗೆ ಶ್ಯಾಮಲಮ್ಮ ಇದೇನೆಂದು ಎದ್ದು ಬಂದಳು. ಅವಳ ಅತ್ತೆ ದೊಡ್ಡಗಂಗಮ್ಮನೂ ಜಗಲಿಯಿಂದಿಳಿದು ಬಂದಳು. ಬಟ್ಟೆಯ ಕೆಂಪಂಚನ್ನು ಬೆರಳಲ್ಲಿ ಉಜ್ಜಿ ನೋಡಿದವಳು ಅಲ್ಲೇ ನೆಲಕ್ಕೆ ಕುಸಿದಳು.

ಆ ಕಾರಿನ ಕಥೆಯೆಂದರೆ ಶ್ಯಾಮಲಮ್ಮನ ಗೋಳಿನ ಕಥೆ. ಮಾಲೂರಿನಲ್ಲಿ ಇಟ್ಟಿಗೆ ಗೂಡು ಇಟ್ಟಿದ್ದ ಮಾವ ಸೊಣ್ಣಪ್ಪ, ಕೋಲಾರದ ಗಣಿಯ ದೊರೆಯೊಬ್ಬ ಬಿಟ್ಟುಹೋದ ಈ ಆಸ್ಟಿನ್ನನ್ನು ಆಸೆಪಟ್ಟು ಕೊಂಡಿದ್ದರು. ಹಿರಿಮಗ ಕೋದಂಡರಾಮಪ್ಪನ ಮದುವೆಗೆ ಟೇಕಲ್ಲಿಗೆ ಹೊರಟದ್ದೂ ಅದರಲ್ಲೇ. ಏರಿನಲ್ಲಿ ಕಾರು ನಿಂತಿತು. ಮುಹೂರ್ತ ತಪ್ಪಬಾರದೆಂದು ಸೊಣ್ಣಪ್ಪ ಸುಡುಬಿಸಿಲಲ್ಲಿ ತಾವೇ ತಳ್ಳಿದರು. ತಾಳಿ ಕಟ್ಟಿಸಿದರು. ಸಂಜೆ ಕಾರು ಹೇಗೋ ಮತ್ತೆ ಓಡಿತು. ಆದರೆ ಹೊಸ ಸೊಸೆ ಅದಕ್ಕೆ ಕಾಲಿಟ್ಟ ಗಳಿಗೆಯಲ್ಲೇ ಸೊಣ್ಣಪ್ಪ ಎದೆ ಹಿಡಿದುಕೊಂಡು ಬಿದ್ದು ಪ್ರಾಣಬಿಟ್ಟರು. ಅಷ್ಟು ಸಾಕಾಯಿತು. ಹನ್ನೆರಡು ವರ್ಷ ಈ ಮನೆಯ ಬಸಿರಿಯರಿಗೆ ಕುಂಕುಮ ಇಡಲು ಅವಳ ಕೈ ಆಗಲಿಲ್ಲ, ಹೊರಟವರಿಗೆ ಅವಳು ಎದುರಾಗುವಂತಿರಲಿಲ್ಲ. ಕಾಲ್ಗುಣ ಕೆಟ್ಟವಳು! ಕಾರು ಕೊಟ್ಟಿಗೆ ಸೇರಿ, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟವು, ತಳದ ತಗಡು ತುಕ್ಕು ಹಿಡಿದು ನೆಲ ಕಾಣುತ್ತಿತ್ತು.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಕಿರಿಮಗ ಕದಿರಪ್ಪ, ತನ್ನ ಮದುವೆಗೆ ಅಪ್ಪನ ಕಾರೇ ಬೇಕೆಂದು ಹಟ ಹಿಡಿದ. ಕೋದಂಡರಾಮಪ್ಪ ಮಾತ್ರ ಅದನ್ನು ಗುಜರಿಗೆ ಹಾಕೆಂದು ರೇಗಾಡಿದ. ಹೆಂಡತಿಯ ಮನಸ್ಸು ನೋಯುತ್ತದೆಂದು ಹೇಳುತ್ತಾನೆ ಎಂದುಕೊಂಡ ಶ್ಯಾಮಲಮ್ಮನಿಗೆ ಗಂಡನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತ್ತು. ಕಾರು ಓಡಿದರೆ ತನ್ನ ಮೇಲಿನ ಕಳಂಕವೂ ತೊಳೆದುಹೋಗುತ್ತದೆಂದು ಅವಳು ಮೈದುನನ ಜೊತೆ ಕೈಕೆಸರು ಮಾಡಿಕೊಂಡಿದ್ದಳು, ಪಾಪ.

ಗೂಡಿನಿಂದ ಬಂದ ಕೋದಂಡರಾಮಪ್ಪನ ಕಣ್ಣು ಆ ಬಟ್ಟೆಯ ಮೇಲೆ ಬಿದ್ದದ್ದೇ ತಡ, ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಕೋದಂಡ, ಇದು ನಿನ್ನ ಮದುವೇಲಿ ಅರಿಶಿನದ ನೀರಿಗೆ ಉಟ್ಟಿದ್ದ ಪಂಚೆ ಅಲ್ವೇನೋ?" ದೊಡ್ಡಗಂಗಮ್ಮ ಬಟ್ಟೆಯನ್ನು ಎತ್ತಿ ಹಿಡಿದಳು. "ಅಗಸನಿಗೆ ಕೊಡೋಕೆ ಮನೆಯೆಲ್ಲಾ ಹುಡುಕಿದ್ನಲ್ಲೋ... ಟ್ಯಾಂಕಿಗೆ ಹೆಂಗೆ ಬಂತು?"

"ನಂಗೆ ಆ ಮದುವೆ ಬೇಡವಾಗಿತ್ತಮ್ಮ... ಹೆತ್ತ ನಾಯನ ಮುಂದೆ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ. ದಾರೀಲಿ ಗಾಡಿ ನಿಂತು ಮುಹೂರ್ತ ತಪ್ಪಿದ್ರೆ ಸಾಕು ಅಂತ ಹರಿದು ತುರುಕಿದೆ. ನಾಯನೇ ಇಳಿದು ತಳ್ತಾರೆ ಅಂತ ನಂಗೇನು ಗೊತ್ತು?"

ಶ್ಯಾಮಲಮ್ಮ ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟಳು. ಮದುವೆ ಬೇಡವೆಂದದ್ದು ಅವಳಿಗೆ ಅಷ್ಟು ನಾಟಲಿಲ್ಲ. ಎಷ್ಟೋ ಗಂಡಸರಿಗೆ ಬೇಡವಾಗಿರುತ್ತದೆ, ಆಮೇಲೆ ಹೊಂದಿಕೊಳ್ಳುತ್ತಾರೆ. ಎದೆ ಸೀಳಿದ್ದು ಬೇರೆಯೇ.

"ಅತ್ತೆ ಬೈದಾಗಲೆಲ್ಲ ನೀವೇ ನನ್ನ ಕಣ್ಣು ಒರೆಸ್ತಿದ್ರಿ... ಏನಂದ್ಕೊಂಡು ಒರೆಸ್ತಿದ್ರಿ?"

ಅವಳು ಅಳಲಿಲ್ಲ, ಅಳುವೇ ಬರದಿದ್ದುದಕ್ಕೆ ಅವಳಿಗೇ ಗಾಬರಿಯಾಯಿತು. ಕದಿರಪ್ಪನ ದಿಬ್ಬಣ ಹೊರಡುವ ದಿನ ನೆಂಟರೆಲ್ಲರ ಮುಂದೆ ಗಂಡನೇ ನಿಜ ಹೇಳಬೇಕು, ಅದೊಂದು ಬಿಟ್ಟು ತನಗೇನೂ ಬೇಡವೆಂದಳು. ಅವನು ಒಪ್ಪಿದ.

ಆ ದಿನ ಬಂತು. ಹೊಸ ತಗಡು, ಹೊಸ ಬಣ್ಣದ ಕಾರು ಚಪ್ಪರದ ಮುಂದೆ ಗುರುಗುಟ್ಟುತ್ತಾ ನಿಂತಿತ್ತು. ಕೋದಂಡರಾಮಪ್ಪ ನೆಂಟರ ನಡುವೆ ನಿಂತು ಕೆಮ್ಮಿದ, ಟವೆಲು ಸರಿಮಾಡಿಕೊಂಡ. ಕೊನೆಗೆ ಆ ಮಹಾನುಭಾವನ ಬಾಯಿಂದ ಬಂದದ್ದು, ಎಲ್ಲರೂ ಊಟ ಮಾಡಿಕೊಂಡೇ ಹೊರಡಿ ಎಂಬ ಮಾತು.

ಆಗ ದೊಡ್ಡಗಂಗಮ್ಮ ಮುಂದೆ ಬಂದು ಸೊಸೆಯ ಕೈ ಹಿಡಿದುಕೊಂಡಳು.

"ಎಲ್ಲಾ ಕೇಳಿಸ್ಕೊಳ್ಳಿ. ನನ್ನ ಗಂಡ ಸತ್ತದ್ದು ಇವಳ ಕಾಲ್ಗುಣದಿಂದಲ್ಲ. ನನ್ನ ಮಗನೇ ಕಾರು ಕೆಡಿಸಿದ್ದ. ತಪ್ಪು ಅವನದು, ಬಾಯಿಗೆ ಬಂದಂಗೆ ಆಡಿದ ಪಾಪ ನನ್ನದು."

ಓಲಗದವರ ಕೈಯೂ ನಿಂತುಹೋಯಿತು. ಅತ್ತೆ ಸೊಸೆ ಕಾರಿನಲ್ಲಿ ಒಟ್ಟಿಗೆ ಕೂತರು. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಕೋದಂಡರಾಮಪ್ಪ ಬಾಗಿಲ ಬಳಿ ಬಂದು ನಿಂತ. ಅಣ್ಣನನ್ನು ಹತ್ತಿಸಿಕೊಳ್ಳಲೇ ಎಂಬಂತೆ, ಸ್ಟೀರಿಂಗ್ ಹಿಡಿದು ಕೂತಿದ್ದ ಕದಿರಪ್ಪ ಅತ್ತಿಗೆಯ ಮುಖ ನೋಡಿದ.

"ಅವರು ಬಸ್ಸಿಗೆ ಬರ್ತಾರೆ, ನೀನು ಹೊರಡಪ್ಪ" ಎಂದಳು ಶ್ಯಾಮಲಮ್ಮ.