ನೀಲಾ ಟೀಚರ್ ಹೆಸರಿನ ಫ್ಲಾಪಿ

"ಮುಟ್ಟಬ್ಯಾಡ್ರೀ!"

ಕಂಪ್ಯೂಟರಿನತ್ತ ಚಾಚಿದ ನೀಲಾಳ ಕೈ ಅಲ್ಲೇ ನಿಂತುಬಿಟ್ಟಿತು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವನು ಮಡಗಾಂವ್‌ನಿಂದ ಬಂದ ಹೊಸ ಕಂಪ್ಯೂಟರ್ ಮಾಸ್ತರ್ ಕುಬೇರ.

"ಶಾಕ್ ಹೊಡೀತೈತ್ರಿ, ಇನ್ನಾ ಅರ್ಥಿಂಗ್ ಕೊಟ್ಟಿಲ್ಲ... ಹೆದರಿದ್ರೇನು?"

ಹೆದರದೆ ಇರುತ್ತಾಳೆಯೇ! ಅಂದು ಎದೆ ಹೊಕ್ಕ ಭಯ ಮತ್ತೆ ಇಳಿಯಲೇ ಇಲ್ಲ. ಗೋವಾದ ಝುವಾರಿನಗರದ ಆ ಕನ್ನಡ ಶಾಲೆಯಲ್ಲಿ ಅವಳದು ಹಂಗಾಮಿ ಕೆಲಸ. ಹೆಡ್‌ಮಾಸ್ತರ್ ಗಣಪ್ಪನವರು ಮೊದಲೇ ಹೇಳಿಬಿಟ್ಟಿದ್ದರು: "ಕನ್ನಡ ಕಲಿಸೋರು ಕಂಪ್ಯೂಟರಿನ್ಯಾಗೂ ಕನ್ನಡ ಕಲಿಸಬೇಕು. ಮಶೀನ್ ಕೆಡಿಸಿದ್ರ ಮಾತ್ರ ಜೂನಿನಿಂದ ಬರೂದು ಬ್ಯಾಡ!"

ಬಂದರಿನಲ್ಲಿ ಮೂಟೆ ಹೊರುವ ಅಪ್ಪ ಭರಮಪ್ಪ, "ನಮ್ಮ ನೀಲಾ ಟೀಚರ್ ಆಗ್ಯಾಳ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಮಾತು ಸುಳ್ಳಾದರೆ?

ಆರು ತಿಂಗಳು ಕುಬೇರ ತಾಳ್ಮೆಯಿಂದ ಕಲಿಸಿದ. ಒಂದು ಗುರುವಾರ ಅವಳ ಕೈಗೆ ಫ್ಲಾಪಿಯೊಂದನ್ನು ಕೊಟ್ಟು, "ನಿಮ್ಮ ಹೆಸರಿನ ಫೈಲ್ ಐತ್ರಿ. ಒಬ್ಬಾಕಿನ ಓದ್ರಿ," ಎಂದು ನೆಲ ನೋಡಿದ.

ಅಂದು ಕ್ಲಾಸಿನ ಕಂಪ್ಯೂಟರಿನ ಸುತ್ತ ಮಕ್ಕಳ ಗದ್ದಲ. ನೀಲಾ ಫ್ಲಾಪಿಯನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿ ತೆರೆದಳು ನೋಡಿ...

ಅಯ್ಯೋ! ಪರದೆಯ ತುಂಬ ಸೊಟ್ಟ ಇಂಗ್ಲಿಷ್ ಅಕ್ಷರಗಳು. ಒಂದರ ತಲೆಗೆ ಕೊಂಬು, ಇನ್ನೊಂದಕ್ಕೆ ಚುಕ್ಕಿ. ಒಂದೂ ಓದುವಂತಿಲ್ಲ.

'ಕೆಡಿಸಿಬಿಟ್ಟೆ! ಕೈಯಾರೆ ಕೆಡಿಸಿಬಿಟ್ಟೆ!'

ಅವಸರದಲ್ಲಿ ಮಶೀನ್ ಆರಿಸಿ, ಫ್ಲಾಪಿಯನ್ನು ಚೀಲದ ತಳಕ್ಕೆ ತುರುಕಿದಳು.

ಅಲ್ಲಿಂದ ಮುಂದೆ ಕುಬೇರ ಎದುರಾದರೆ ಸಾಕು, ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದಳು. ಗಣಪ್ಪನವರು ಕೆಮ್ಮಿದರೂ ಎದೆ ಧಸಕ್ಕೆನ್ನುತ್ತಿತ್ತು. ಪಾಪ, ಕುಬೇರ ತಿಳಿದುಕೊಂಡದ್ದೇ ಬೇರೆ!

ಹತ್ತನೇ ದಿನ ಅವನೇ ಸ್ಟಾಫ್‌ರೂಮಿಗೆ ಬಂದ. "ಟೀಚರ್, ನಿಮ್ಮ ಉತ್ತರ ತಿಳೀತ್ರಿ. ಸೋಮವಾರದಿಂದ ನಾ ಈ ಸಾಲಿಗೆ ಕಲಸಾಕ ಬರೂದಿಲ್ಲ."

'ಬರುವುದಿಲ್ಲವೇ?' ಕೆಲಸ ಹೋಗುವ ಭಯಕ್ಕಿಂತ ದೊಡ್ಡದೊಂದು ಭಯ ನೀಲಾಳನ್ನು ಹಿಡಿಯಿತು.

"ತಪ್ಪು ನಂದ್ರಿ ಸರ! ಆಫೀಸಿನ ಮಶೀನ್ ಕೆಡಿಸಿದಾಕಿ ನಾನು... ನೀವ್ಯಾಕ ಹೋಗ್ತೀರಿ?" ಎಂದವಳು ಅತ್ತೇಬಿಟ್ಟಳು. ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದಳು.

ಕೇಳುತ್ತ ಕೇಳುತ್ತ ಅವನ ಮುಖ ಅರಳಿತು. "ಆ ಮಶೀನಿಗೆ ಕನ್ನಡ ಫಾಂಟ್ ಹಾಕಿಲ್ರೀ! ಅದಕ್ಕ ಅಕ್ಷರ ಹಂಗ ಕಂಡಾವು. ಏನೂ ಕೆಟ್ಟಿಲ್ಲ, ಬರ್ರಿ."

ಖಾಲಿಯಾಗಿದ್ದ ಕ್ಲಾಸಿನ ಕಂಪ್ಯೂಟರಿಗೆ ಫ್ಲಾಪಿ ಹಾಕಿದ. ದುಂಡನೆಯ ಕನ್ನಡ ಮೂಡಿತು.

'ನೀಲಾ ಅವರೇ, ಮೊದಲ ದಿನವೇ ನಿಮ್ಮನ್ನು ಹೆದರಿಸಿದೆ. ಜೀವನಪೂರ್ತಿ ಧೈರ್ಯ ಹೇಳುವ ಅವಕಾಶ ಕೊಡುತ್ತೀರಾ? ನಿಮ್ಮ ತಂದೆಯವರನ್ನು ಬಂದು ಕೇಳಲೇ?'

ಅವಳ ಕೆನ್ನೆ ಬಿಸಿಯಾಯಿತು. "ಅತ್ಲಾಗ ನೋಡ್ರಿ ಸರ," ಎಂದು ಅವನ ಮುಖ ತಿರುಗಿಸಿ, ಒಂದೊಂದೇ ಕೀ ಒತ್ತಿ ಏನೋ ಬರೆದಳು. ಆಮೇಲೆ ಬೇಕೆಂದೇ ಆ ಸಾಲಿಗೆ ಇಂಗ್ಲಿಷ್ ಫಾಂಟ್ ಹಾಕಿದಳು.

ಕುಬೇರ ತಿರುಗಿ ನೋಡಿದರೆ ಮತ್ತದೇ ಸೊಟ್ಟ ಅಕ್ಷರಗಳು!

"ಇದೇನ್ರಿ, ಕೆಡಿಸಿದ್ರೇನು?"

"ಕೆಟ್ಟಿಲ್ರಿ. ಫಾಂಟ್ ಬದಲಿ ಮಾಡಿ ಓದ್ರಿ."

ಅವನು ಕುರ್ಚಿ ಎಳೆದುಕೊಂಡು ಕೂತ. ಫಾಂಟ್ ಬದಲಾಯಿತು.

'ರವಿವಾರ ಬರ್ರಿ. ಅಪ್ಪ ಮನ್ಯಾಗ ಇರ್ತಾನ.'

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. "ನೀಲಾ... ನನಗ ಹೆದರಿಕಿ ಆಗಾಕತ್ತೈತಿ."

"ನಾ ಅದೀನಲ್ರಿ," ಎಂದಳು ನೀಲಾ.