ಅವನು ಕೇಳಿದ್ದು ತೋಟದ ವಿಚಾರ

"ನಿಮ್ಮನೇಲಿ ಕೊನೇ ಮಾತು ಯಾರದ್ದು? ಅಪ್ಪಂದೋ, ನಿಮ್ಮದೋ?"

ನಿಶ್ಚಿತಾ ತಲೆಯೆತ್ತಿ ಎದುರಿಗೆ ಕೂತ ಹುಡುಗನನ್ನು ನೋಡಿದಳು. ಕೈಯಲ್ಲಿದ್ದ ಕಾಫಿ ಇನ್ನೂ ಆರಿಲ್ಲ, ಆಗಲೇ ಇದೆಂಥ ಪ್ರಶ್ನೆ...

ಕಡೂರು ಸೀಮೆಯ ತೆಂಗು ಬೆಳೆಗಾರರು ವಿಯೆಟ್ನಾಂ ಪ್ರವಾಸಕ್ಕೆ ಹೊರಟಾಗ ಅಪ್ಪ ಹನುಮಂತಪ್ಪನ ಬದಲು, ತೋಟ ನೋಡಿಕೊಳ್ಳುವ ಅವಳೇ ಬಂದಿದ್ದಳು. ಕಾವಲಿಗೆ ಸೋದರತ್ತೆ ಕೆಂಚಮ್ಮ. ನಾರಿನ ಕಾರ್ಖಾನೆ ತೋರಿಸುತ್ತಾರೆ ಅಂದುಕೊಂಡರೆ, ಹೋ ಚಿ ಮಿನ್ ನಗರದ ಗಾಜಿನ ಕಟ್ಟಡವೊಂದಕ್ಕೆ ಕರೆತಂದಿದ್ದರು.

ಒಳಗೆ ತರೀಕೆರೆ ಬಸ್‌ಸ್ಟ್ಯಾಂಡಿನಷ್ಟು ಗದ್ದಲ. ಒಂದು ಕಡೆ ಡ್ರೋನ್ ಹಾರುತ್ತಿತ್ತು. ಇನ್ನೊಂದು ಕಡೆ ಹುಡುಗಿಯೊಬ್ಬಳು ತೆಂಗಿನ ಚಿಪ್ಪು ಎತ್ತಿ ಹಿಡಿದು, ಇದರಿಂದ ಬ್ಯಾಟರಿ ಮಾಡುತ್ತೇವೆ ಎಂದು ಕೂಗುತ್ತಿದ್ದಳು. ಅದರ ನಡುವೆಯೇ ಒಬ್ಬ ಗೊರಕೆ ಹೊಡೆಯುತ್ತಿದ್ದ. ಎಲ್ಲವೂ ಸ್ಟಾರ್ಟಪ್ಪಂತೆ.

ಕನ್ನಡ ಕಿವಿಗೆ ಬಿದ್ದದ್ದೇ ತಡ, ಆ ಗದ್ದಲದ ನಡುವಿನಿಂದ ಇವನು ಓಡಿಬಂದಿದ್ದ. ಅಜ್ಜಂಪುರದ ದುಶ್ಯಂತ್, ಇಲ್ಲೇ ಸ್ಟಾರ್ಟಪ್ ಇಟ್ಟವನು. ತೆಂಗಿನ ಮರದೊಳಗೆ ಹುಳ ಕೊರೆಯುವ ಸದ್ದು ಹಿಡಿದು ಫೋನಿಗೆ ತಿಳಿಸುವ ಯಂತ್ರ ಮಾಡುತ್ತಿದ್ದಾನಂತೆ. ಅವಳ ಕಿವಿಗೆ ಹೋದದ್ದು ಅರ್ಧ ಮಾತ್ರ. ಉಳಿದರ್ಧ ಅವನ ನಗೆಯಲ್ಲಿ ಕಳೆದುಹೋಯಿತು.

ಏನು ಓದಿದ್ದೀರಿ, ಮನೆಯಲ್ಲಿ ಎಷ್ಟು ಜನ, ಮರ ಎಷ್ಟಿವೆ, ಮುಂದೆಯೂ ಊರಲ್ಲೇ ಇರುತ್ತೀರಾ... ಗಂಡಿನ ಕಡೆಯವರು ಕೇಳುವುದನ್ನೆಲ್ಲ ಕೇಳಿದ. ಹಾಡು ಬರುತ್ತಾ ಎನ್ನುವುದೊಂದೇ ಬಾಕಿ.

'ಇವನು ನನ್ನನ್ನ ನೋಡ್ತಿದಾನಾ? ಹೀಗೂ ಹೆಣ್ಣು ಕೇಳ್ತಾರಾ?' ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಎದ್ದು ಹೋಗಲೂ ಮನಸ್ಸಾಗಲಿಲ್ಲ.

ಸಂಜೆ ಹೋಟೆಲಿನಲ್ಲಿ ಕೆಂಚಮ್ಮ ಕಣ್ಣರಳಿಸಿದಳು. "ಲಕ್ಷಣವಾಗವ್ನೆ ಕಣೇ. ನಿಮ್ಮಪ್ಪಂಗೆ ಒಂದ್ಮಾತು ಹೇಳ್ಲಾ?"

ನಿಶ್ಚಿತಾ ಬೇಡ ಎನ್ನಲಿಲ್ಲ. ಅತ್ತೆಗೆ ಅಷ್ಟೇ ಸಾಕಾಯಿತು; ಹುಡುಗನ ಹೆಸರು, ಊರು ಹೇಳಿ ಆಗಲೇ ಫೋನ್ ಮಾಡಿದಳು.

ಮರುದಿನ ಅದೇ ಕಟ್ಟಡಕ್ಕೆ ಕಾಲಿಟ್ಟಾಗ, ದುಶ್ಯಂತನ ಎದುರು ಅವಳ ಪ್ರವಾಸದ ಗುಂಪಿನ ಹಿರಿಯ ಸಣ್ಣಬೀರಪ್ಪ ಕೂತಿದ್ದರು. ದುಶ್ಯಂತ್ ಅವರನ್ನೂ ಕೇಳುತ್ತಿದ್ದ.

"ಮನೇಲಿ ಎಷ್ಟು ಜನ ಯಜಮಾನ್ರೇ? ಮರ ಎಷ್ಟವೆ? ಕೊನೇ ಮಾತು ಯಾರದ್ದು?"

ನಿಶ್ಚಿತಾ ಬಾಗಿಲಲ್ಲೇ ನಿಂತು ಕಾದಳು. ಸಣ್ಣಬೀರಪ್ಪ ಎದ್ದುಹೋದ ಮೇಲೆ ಕೇಳಿದಳು, "ಎಲ್ಲರನ್ನೂ ಹೀಗೇ ಕೇಳ್ತೀರಾ?"

"ಹೂಂ ಕಣ್ರೀ. ಯಂತ್ರ ಮಾಡೋಕ್ಮುಂಚೆ ಬಳಸೋರನ್ನ ಕೇಳ್ಬೇಕು. ಇಲ್ಲಿ ಎಲ್ಲ ಸ್ಟಾರ್ಟಪ್ಪೋರೂ ಹಂಗೇ ಮಾಡೋದು. ಯಾಕೆ?"

ಅಷ್ಟರಲ್ಲಿ ಕೆಂಚಮ್ಮ ಫೋನ್ ಹಿಡಿದು ಬಂದು ಕಿವಿಯಲ್ಲಿ ಉಸುರಿದಳು. "ನಿಮ್ಮಪ್ಪ ಅಜ್ಜಂಪುರಕ್ಕೆ ಹೋಗ್ಬಿಟ್ಟವ್ನೆ ಕಣೇ. ಅವ್ರ ಮನೇಲೇ ಕೂತವ್ನಂತೆ."

ಅಯ್ಯೋ... ಅಪ್ಪನ ಮರ್ಯಾದೆ ಏನಾಗಬೇಕು? ತನ್ನದೊಂದು ಹುಚ್ಚು ಊಹೆಗೆ ಆ ಮುದಿಜೀವ ಕಂಡವರ ಹಜಾರದಲ್ಲಿ ಕೂತು ನಗೆಪಾಟಲಾಗಬೇಕೇ? ಓಡಿಹೋಗಬೇಕೆನಿಸಿತು. ಆದರೆ ಇವನಿಗೆ ಇನ್ನೊಬ್ಬರ ಬಾಯಿಂದ ತಿಳಿಯುವುದು ಇನ್ನೂ ಕೆಟ್ಟದ್ದು.

"ನೀವು ಹೆಣ್ಣು ಕೇಳ್ತಿದೀರಿ ಅಂದ್ಕೊಂಡೆ," ಎಂದಳು. ಕಣ್ಣು ತುಂಬಿತ್ತು. "ನಮ್ಮಪ್ಪ ಈಗ ನಿಮ್ಮನೇಲಿ ಕೂತವ್ರೆ. ತಪ್ಪು ನಂದು. ಅವ್ರಿಗೆ ಏನೂ ಅನ್ನಬೇಡಿ ಅಂತ ನಿಮ್ಮವ್ವಂಗೆ ಹೇಳಿ."

ದುಶ್ಯಂತ್ ಕುರ್ಚಿಯಿಂದ ಎದ್ದ. ಅವನ ಫೋನ್ ಬಡಿದುಕೊಂಡಿತು.

"ಹೇಳವ್ವ... ಹೂಂ... ಗೊತ್ತು ಕಣವ್ವ. ಊಟ ಮಾಡ್ಸಿ ಕಳ್ಸು ಅವ್ರನ್ನ." ಫೋನ್ ಇಟ್ಟು ತಲೆ ಕೆರೆದುಕೊಂಡ.

"ಊಟ ಯಾಕೆ?" ನಿಶ್ಚಿತಾ ಕೇಳಿದಳು.

"ಸಣ್ಣಬೀರಪ್ಪನೋರ್ನ ಕೇಳೋದು ಬೇಗ ಮುಗೀತು ಕಣ್ರೀ. ನಿನ್ನೆ ನಿಮ್ಮನ್ನ ಮಧ್ಯಾಹ್ನದವರ್ಗೂ ಯಾಕೆ ಕೂರಿಸ್ಕೊಂಡೆ? ರಾತ್ರಿಯೆಲ್ಲ ಯೋಚ್ನೆ ಮಾಡ್ದೆ, ಗೊತ್ತಾಗ್ಲಿಲ್ಲ. ಈಗ ನಿಮ್ಮಪ್ಪ ಬಂದವ್ರೆ ಅಂದಾಗ... ಖುಷಿ ಆಗ್ಬಿಡ್ತು."

ಅವಳು ಕಣ್ಣೊರೆಸಿಕೊಂಡಳು. "ನಂಗೆ ಹಾಡು ಬರಲ್ಲ."

"ಪರವಾಗಿಲ್ಲ. ನಾನು ನಿಮಗೆ ಇಷ್ಟಾನಾ? ಈ ಪ್ರಶ್ನೆ ಯಂತ್ರಕ್ಕಲ್ಲ."

"ನಿನ್ನೆ ಅಷ್ಟು ಹೊತ್ತು ನಾನೇನು ಸುಮ್ನೆ ಕೂತಿದ್ನಾ?" ಎಂದಳು ನಿಶ್ಚಿತಾ.