ಐದನೆಯ ಹುಡುಗಿ

"ನಿಮ್ಮ ತಂಗಿ ನನಗೆ ಬೇಕು!"

ಕೊಪ್ಪದ ಕಾಲೇಜಿನ ಕಾರಿಡಾರಿನಲ್ಲಿ ಓಡಾಡುತ್ತಿದ್ದವರೆಲ್ಲ ನಿಂತಲ್ಲೇ ನಿಂತರು.

ಹಾಗೆ ಕೇಳಿದವಳು ಭಾರ್ಗವಿ. ಎರಡನೇ ವರ್ಷದ ಬಿ.ಎ., ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಕೇಳಿಸಿಕೊಂಡವನು ಶಶಿಕಿರಣ. ಕೊನೇ ವರ್ಷದ ಬಿ.ಕಾಂ., ಹುಡುಗರ ತಂಡದ ಕ್ಯಾಪ್ಟನ್. ಒಂದು ವರ್ಷ ಒಂದೇ ಕೋರ್ಟಿನಲ್ಲಿ ಆಡಿದ್ದರೂ ಇಬ್ಬರ ನಡುವೆ ಅದೇ ಮೊದಲ ಮಾತು!

"ಹೆಣ್ಣು ಕೇಳೋಕೆ ಮನೆಯ ದೊಡ್ಡೋರು ಬರ್ಬೇಕು ಮಾರಾಯ್ತಿ," ಎಂದ ಅವನು ನಗು ತಡೆಯುತ್ತ.

ಸುತ್ತ ನಿಂತವರು ಹೋ ಎಂದರು. ಭಾರ್ಗವಿಯ ಕಿವಿ ಬಿಸಿಯಾಯಿತು. ಆದರೂ ಅವಳು ಕದಲಲಿಲ್ಲ.

"ನಮ್ಮ ಟೀಮಿಗೆ ಕೇಳ್ತಿರೋದು! ಮಹಿಮಾ ಅಷ್ಟು ಎತ್ತರ ಇದ್ದಾಳೆ. ಫಸ್ಟ್ ಇಯರಿಗೆ ಸೇರಿ ಸುಮ್ನೆ ಲೈಬ್ರರೀಲಿ ಕೂತಿದ್ದಾಳೆ. ಅವಳು ಬಂದ್ರೆ ನಾನಿಲ್ದೆಯೂ ಐದು ಜನ ಆಗ್ತಾರೆ."

"ಹಾಗಾದ್ರೆ ನೀವು ಶಿವಮೊಗ್ಗಕ್ಕೆ ಹೋಗೋದು ಖಾತ್ರಿನಾ?"

"ಐದಾದ್ರೆ ಹೋಗ್ತೀನಿ."

ಅವನ ಮುಖದಿಂದ ನಗು ಮೆಲ್ಲಗೆ ಇಳಿಯಿತು.

"ಮಹಿಮಾ ಆಗಲ್ಲ. ಅಪ್ಪ ಶೃಂಗೇರಿ ವೇದ ಪಾಠಶಾಲೇಲಿ ಮೇಷ್ಟ್ರು. ನಮ್ಮನೇಲಿ ಒಪ್ಪಲ್ಲ," ಎಂದವನು, "ಬೇರೆ ಯಾರನ್ನಾದ್ರೂ ಹುಡುಕೋಣ. ನಾನೂ ಬರ್ತೀನಿ," ಎಂದ.

ಅವನ ಕಣ್ಣು ತನ್ನನ್ನು ತಪ್ಪಿಸಿ ನೋಟಿಸ್ ಬೋರ್ಡಿನ ಕಡೆ ಹೋದದ್ದನ್ನು ಭಾರ್ಗವಿ ನೋಡಿದಳು. ಯಾಕೆಂದು ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಅದು 2007ರ ಜುಲೈ. ಸಣ್ಣ ಊರಿನ ಕಾಲೇಜಿನಲ್ಲಿ ಹುಡುಗಿಯರ ತಂಡವೆಂದರೆ ಪ್ರತಿ ಜೂನಿನಲ್ಲೂ ಹೊಸದಾಗಿ ಹುಟ್ಟಬೇಕು. ಹಿಂದಿನ ವರ್ಷ ಒಂಬತ್ತು ಮಂದಿ ಇದ್ದರು. ಇಬ್ಬರಿಗೆ ಮದುವೆಯಾಯಿತು. ಒಬ್ಬಳು ಡಿ.ಎಡ್‌ಗೆ ಹೋದಳು. ಇನ್ನೊಬ್ಬಳನ್ನು ಪೇಟೆಯ ಕಾಲೇಜಿನವರು ಹಾರಿಸಿಕೊಂಡು ಹೋದರು. ಭಾರ್ಗವಿಯೂ ಸೇರಿ ಉಳಿದದ್ದು ಐವರು.

ಈಗ ಶಿವಮೊಗ್ಗದ ಕಾಲೇಜೊಂದು ಭಾರ್ಗವಿಯನ್ನೇ ಕರೆದಿತ್ತು. ಸೀಟೂ ಉಚಿತ, ಹಾಸ್ಟೆಲೂ ಉಚಿತ. ಜುಲೈ ಮೂವತ್ತೊಂದರ ಸಂಜೆಯೊಳಗೆ ಟಿ.ಸಿ. ತಂದು ಸೇರಿಕೊಂಡರೆ ಸಾಕು. ಆದರೆ ಕ್ರೀಡಾ ಕೋಟಾದಲ್ಲಿ ಸೇರಿದವಳ ಟಿ.ಸಿ. ಅರ್ಜಿಗೆ ದೈಹಿಕ ಶಿಕ್ಷಣದ ಶಿವಶಂಕರಪ್ಪ ಸರ್ ಸಹಿ ಬೇಕೇ ಬೇಕು. ಅವರೋ, ಪೆನ್ನು ಜೇಬಿನಿಂದ ತೆಗೆಯಲೇ ಒಲ್ಲರು!

"ನೀನು ಹೋದ್ರೆ ನಾಲ್ಕು. ನಾಲ್ಕು ಜನರ ಟೀಮಿಗೆ ಯಾರಮ್ಮ ಎಂಟ್ರಿ ಕೊಡ್ತಾರೆ? ಒಂದು ವರ್ಷ ನಿಂತ್ರೆ ಈ ಟೀಮ್ ಮತ್ತೆ ಏಳಲ್ಲ. ನಿನ್ನ ಜಾಗಕ್ಕೆ ಒಬ್ಬಳನ್ನ ತಂದು ನಿಲ್ಸು. ಆ ಕ್ಷಣವೇ ಸಹಿ ಹಾಕ್ತೀನಿ."

ಕಾಲೇಜಿನ ಕಥೆ ಹೀಗಾದರೆ ಮನೆಯದು ಇನ್ನೊಂದು. ನರಸಿಂಹರಾಜಪುರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅಪ್ಪ ಸುಬ್ಬಯ್ಯ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆಯೇ ಹೇಳಿಬಿಟ್ಟಿದ್ದರು.

"ಸೀತೂರಿನ ಗಂಡಿನ ಕಡೆಯೋರು ನಿನ್ನ ಒಪ್ಪಿದ್ದಾರೆ. ಶಿವಮೊಗ್ಗದ ಸೀಟು ಸಿಕ್ರೆ ಹಾಸ್ಟೆಲಲ್ಲಿದ್ದು ಓದು, ನಾನು ಅಡ್ಡ ಬರಲ್ಲ. ದಿನಾ ಕತ್ತಲಾದ ಮೇಲೆ ಕೊಪ್ಪದಿಂದ ಬರೋ ಮಗಳನ್ನ ಬಸ್‌ಸ್ಟ್ಯಾಂಡಲ್ಲಿ ನಿಂತು ಕಾಯೋದು ಮಾತ್ರ ಇನ್ನು ನನ್ ಕೈಲಾಗಲ್ಲ. ಸೀಟು ತಪ್ಪಿದ್ರೆ ಆಷಾಢ ಕಳೆದ ಕೂಡ್ಲೇ ನಿಶ್ಚಿತಾರ್ಥ."

ಈ ವಿಷಯ ಗೊತ್ತಿದ್ದದ್ದು ತಂಡದ ಗೆಳತಿ ಅರ್ಶಿಯಾಗೆ ಮಾತ್ರ. ಬೇರೆಯವರ ಮುಂದೆ ಹೇಳಿಕೊಳ್ಳಲು ಭಾರ್ಗವಿಗೆ ಸ್ವಾಭಿಮಾನ ಬಿಡಲಿಲ್ಲ.

'ಈ ಕಡೆ ಸರ್, ಆ ಕಡೆ ಅಪ್ಪ... ನಾನು ಎಲ್ಲಿಗೆ ಹೋಗಲಿ?'

ಹುಡುಗಿಯರ ಬೇಟೆ ಶುರುವಾಯಿತು. ಭಾರ್ಗವಿ, ಅರ್ಶಿಯಾ, ಜೊತೆಗೆ ಶಶಿಕಿರಣ.

ಗಂಗಾಲಕ್ಷ್ಮಿ ಎಂಬವಳು ಎರಡು ದಿನ ಬಂದಳು. ಮೂರನೇ ದಿನ ಅವಳ ಅಜ್ಜಿ ಬಂದು ಕೋರ್ಟಿನ ಅಂಚಿನಲ್ಲಿ ಕೊಡೆ ಊರಿ ನಿಂತರು. ಅಲ್ಲಿಗೆ ಅದು ಮುಗಿಯಿತು. ಖೋಖೋ ಆಡುತ್ತಿದ್ದ ನೀಲಾಂಬಿಕೆ ಚೆಂಡನ್ನು ಅವುಚಿಕೊಂಡು ಒಂದೇ ಉಸಿರಿಗೆ ಓಡಿ ಬಾಸ್ಕೆಟ್ ಕಂಬ ಮುಟ್ಟಿ, "ಔಟ್!" ಎಂದಳು. ಮುತ್ತಿನಕೊಪ್ಪದಿಂದ ಬರುತ್ತಿದ್ದ ಇನ್ನೊಬ್ಬಳಿಗೆ ನಾಲ್ಕೂ ಕಾಲಿನ ಬಸ್ಸು ತಪ್ಪಿದರೆ ಮನೆಯಿಲ್ಲ. ಅಭ್ಯಾಸ ಶುರುವಾಗುತ್ತಿದ್ದದ್ದೇ ನಾಲ್ಕೂವರೆಗೆ!

ಒಬ್ಬೊಬ್ಬಳು ಹೋದಾಗಲೂ ಭಾರ್ಗವಿ ಅಳು ನುಂಗಿಕೊಂಡು ಪೊರಕೆ ಹಿಡಿಯುತ್ತಿದ್ದಳು. ಸಿಮೆಂಟು ಕೋರ್ಟಿನ ಮೇಲೆ ನಿಂತ ನೀರನ್ನು ಗುಡಿಸದೆ ಆಟವಿಲ್ಲ. ಈಚೀಚೆಗೆ ಶಶಿಕಿರಣನೂ ಇನ್ನೊಂದು ಪೊರಕೆ ಹಿಡಿದು ಎದುರು ತುದಿಯಿಂದ ಗುಡಿಸುತ್ತ ಬರುತ್ತಿದ್ದ. ನಡುಗೆರೆಯ ಹತ್ತಿರ ಇಬ್ಬರೂ ಸೇರುತ್ತಿದ್ದರು.

"ಶಿವಮೊಗ್ಗದಲ್ಲಿ ಅಂಥದ್ದೇನಿದೆ?" ಎಂದು ಒಂದು ದಿನ ಅಲ್ಲೇ ಕೇಳಿದ.

"ಹನ್ನೆರಡು ಜನ ಇದ್ದಾರಂತೆ," ಎಂದಳು ಭಾರ್ಗವಿ. "ನಂಗೆ ಜ್ವರ ಬಂದ್ರೂ ಅಲ್ಲಿ ಮ್ಯಾಚ್ ನಿಲ್ಲಲ್ಲ. ಇಲ್ಲಿ ನಾನೊಬ್ಬಳು ಕಾಲು ತೆಗೆದ್ರೆ ಎಲ್ಲ ಬಿದ್ದುಹೋಗುತ್ತೆ. ಅದು ಎಷ್ಟು ಭಾರ ಅಂತ ನಿಮಗೆ ಗೊತ್ತಾ?"

ಅವನು ತನ್ನ ಒಣ ಟವೆಲನ್ನು ಅವಳ ಹೆಗಲ ಮೇಲೆ ಹಾಕಿ, ಅವಳ ಕೈಯ ಪೊರಕೆ ತೆಗೆದುಕೊಂಡು ಉಳಿದ ನೀರನ್ನೂ ತಾನೇ ಗುಡಿಸಿದ.

ಅವಳ ಎದೆ ಸುಮ್ಮಸುಮ್ಮನೆ ಹೊಡೆದುಕೊಂಡಿತು. 'ಬೇಡ... ಈ ಊರಿನಲ್ಲಿ ನನ್ನನ್ನು ಹಿಡಿದಿಡೋಕೆ ಇನ್ನೊಂದು ಕಾರಣ ಬೇಡವೇ ಬೇಡ!'

ಆದರೆ ಬೇಡವೆಂದರೆ ಕೇಳುವ ವಯಸ್ಸೇ ಅದು? ಮರುದಿನ ಅವನು ಅರ್ಧ ಗಂಟೆ ತಡವಾಗಿ ಬಂದಾಗ ಹತ್ತು ಸಲ ಗೇಟು ನೋಡಿದವಳು ಅವಳೇ.

ಜುಲೈ ಇಪ್ಪತ್ತೊಂಬತ್ತು, ಭಾನುವಾರ. ಇನ್ನೆರಡೇ ದಿನ! ಭಾರ್ಗವಿ ಯಾರಿಗೂ ಹೇಳದೆ ಶೃಂಗೇರಿಯ ಬಸ್ಸು ಹತ್ತಿದಳು. ಕಾಲಿಗೆ ಬಿದ್ದಾದರೂ ಮಹಿಮಾಳ ಅಪ್ಪ ಅಮ್ಮನನ್ನು ಒಪ್ಪಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಶಶಿಕಿರಣ ಮನೆಯಲ್ಲಿರಲಿಲ್ಲ. ಅವನ ತಾಯಿ ಸುಬ್ಬಲಕ್ಷ್ಮಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದರು. ಅವಳ ಮಾತು ಅರ್ಧಕ್ಕೆ ಬಂದಾಗಲೇ ಅವರ ಕಣ್ಣು ಅಗಲವಾಯಿತು.

"ನಾವು ಒಪ್ಪಲ್ಲ ಅಂದವರು ಯಾರೇ ಕೂಸೇ? ನಮ್ಮನ್ನ ಯಾರೂ ಕೇಳಲೇ ಇಲ್ಲ! ಮಹಿಮಾ ಒಂದು ತಿಂಗಳಿಂದ ಆಡ್ತೀನಿ, ಆಡ್ತೀನಿ ಅಂತ ಕುಣೀತಿದಾಳೆ. ಅಣ್ಣನೇ ಬೇಡ ಅಂದಿದ್ದಂತೆ."

"ಅಣ್ಣ... ಅಂದ್ರೆ ಶಶಿಕಿರಣ?"

"ಹೌದೇ. ಕಾಲೇಜಿನ ವಿಷಯ ಎಲ್ಲಾ ನಾವು ಅವನಿಗೇ ಬಿಟ್ಟಿದ್ದು. ಎಂತಕ್ಕೆ ಬೇಡ ಅಂದ್ನೋ... ಅವನು ಹೂಂ ಅಂದ್ರೆ ನಾಳೆಯೇ ಕಳಿಸ್ತೆ."

ಭಾರ್ಗವಿ ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಎದ್ದಳು.

ಸೋಮವಾರ ಬೆಳಿಗ್ಗೆ ಕೋರ್ಟಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದಳು.

"ಮನೇಲಿ ಒಪ್ಪಲ್ವಾ? ನಾನು ನಿಮ್ಮನೆಗೇ ಹೋಗಿ ಬಂದೆ!"

ಶಶಿಕಿರಣನ ಮುಖ ಬಿಳಿಚಿತು.

"ನಮ್ಮ ಟೀಮ್ ಮುಳುಗಿದ್ರೆ ಕೋರ್ಟ್ ಪೂರ್ತಿ ಹುಡುಗರದ್ದೇ. ಅದಕ್ಕೆ ತಾನೇ ಈ ನಾಟಕ? ಪೊರಕೆ ಹಿಡಿದಿದ್ದು, ಹುಡುಗೀರನ್ನ ಹುಡುಕಿದ್ದು... ಎಲ್ಲಾ ಸುಳ್ಳಾ?"

"ಕೋರ್ಟಿಗಲ್ಲ ಭಾರ್ಗವಿ..."

"ಮತ್ಯಾಕೆ? ಹೇಳಿ!"

ಅವನು ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟ.

ಭಾರ್ಗವಿಯ ದುರದೃಷ್ಟಕ್ಕೆ, ಆಗಲೂ ಅವನು ಏನಾದರೂ ಹೇಳಲಿ ಎಂದೇ ಅವಳ ಮನಸ್ಸು ಬೇಡುತ್ತಿತ್ತು. ಅವನು ತಲೆ ತಗ್ಗಿಸಿದ. ಅವಳು ತಿರುಗಿ ನಡೆದಳು.

ಆ ರಾತ್ರಿ ಅಪ್ಪ ಸೀತೂರಿಗೆ ಫೋನ್ ಮಾಡಲೇ ಎಂದು ಕೇಳಿದಾಗ, "ನಾಳೆ ಸಂಜೆವರೆಗೆ ತಡೀರಿ ಅಪ್ಪ," ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಯಾವ ಭರವಸೆಯ ಮೇಲೆ ತಡೆಯಲು ಹೇಳಿದ್ದೆಂದು ಅವಳಿಗೇ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಲೇಜಿನ ಗೇಟಿಗೆ ಬರುವಷ್ಟರಲ್ಲಿ ಚೆಂಡು ಪುಟಿಯುವ ಸದ್ದು ಕೇಳಿಸಿತು. ಕೋರ್ಟಿನಲ್ಲಿ ಮಹಿಮಾ! ಶಿವಶಂಕರಪ್ಪ ಸರ್ ಕೈಕಟ್ಟಿ ನೋಡುತ್ತಿದ್ದರು. ಎರಡು ಚೆಂಡು ರಿಂಗಿಗೆ ಬಡಿದು ಆಚೆ ಹೋದವು. ಮೂರನೆಯದು ಒಳಗೆ ಬಿತ್ತು.

"ಕಲಿಸಿದ್ರೆ ಆಗ್ತಾಳೆ," ಎಂದು ಸರ್ ಪೆನ್ನು ತೆಗೆದರು.

ಭಾರ್ಗವಿಗೆ ನಂಬಲಾಗಲಿಲ್ಲ. ಮೆಟ್ಟಿಲ ಹತ್ತಿರ ಶಶಿಕಿರಣ ಒಬ್ಬನೇ ನಿಂತಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿತ್ತು.

"ಅರ್ಶಿಯಾ ನಿನ್ನೆ ಚೆನ್ನಾಗಿ ಉಗಿದಳು," ಎಂದ. "ಸೀತೂರಿನ ವಿಷಯ ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದಿದ್ರೂ ನಾನು ಮಾಡಿದ್ದು ತಪ್ಪೇ. ಮಹಿಮಾ ಬಂದ್ರೆ ಐದಾಗುತ್ತೆ. ಐದಾದ್ರೆ ನೀನು ಹೋಗ್ತೀಯ. ಅದೊಂದೇ ಕಾರಣ... ಒಂದು ವರ್ಷದಿಂದ ಮಾತಾಡಿಸೋಕೆ ಧೈರ್ಯ ಇಲ್ದೆ ದೂರದಿಂದ ನೋಡ್ತಿದ್ದೋನು ನಾನು. ಮಾತು ಶುರುವಾಗಿದ್ದೇ ನೀನು ಹೊರಟು ನಿಂತಾಗ. ಸಹಿಸೋಕೆ ಆಗ್ಲಿಲ್ಲ."

ಭಾರ್ಗವಿಯ ಕಣ್ಣು ತುಂಬಿ ಬಂತು. ಸಿಟ್ಟಿಗೋ, ಸಂತೋಷಕ್ಕೋ!

"ನನ್ನನ್ನ ಕಟ್ಟಿ ಹಾಕಿದ್ರಿ ನೀವು. ಅಪ್ಪನ ಹಾಗೆ, ಸರ್ ಹಾಗೆ. ನೀವು ಕೂಡ!"

"ಹೂಂ," ಎಂದ ಅವನು. "ಕ್ಷಮಿಸು ಅಂತ ಕೇಳೋ ಯೋಗ್ಯತೆ ನಂಗಿಲ್ಲ. ಟಿ.ಸಿ. ಬರೆಸೋಕೆ ಆಫೀಸಲ್ಲಿ ಹೇಳಿ ಬಂದಿದ್ದೀನಿ. ಹನ್ನೊಂದಕ್ಕೆ ಶಿವಮೊಗ್ಗದ ಬಸ್ಸಿದೆ. ಹೋಗು ಭಾರ್ಗವಿ."

ಹತ್ತೂ ಮುಕ್ಕಾಲಿಗೆ ಟಿ.ಸಿ. ಅವಳ ಕೈ ಸೇರಿತು. ಅರ್ಶಿಯಾ ತಬ್ಬಿಕೊಂಡು ಅತ್ತಳು, ಅಳುತ್ತಲೇ ಬಸ್ಸಿಗೆ ಓಡಿಸಿದಳು. ಭಾರ್ಗವಿ ಅಪ್ಪನಿಗೆ ಫೋನ್ ಮಾಡಿದ್ದಳು. ಟ್ರಂಕು ಹಿಡಿದುಕೊಂಡು ಅವರು ನರಸಿಂಹರಾಜಪುರದಲ್ಲಿ ಹತ್ತುವುದೆಂದು ಮಾತಾಗಿತ್ತು.

ಬಸ್ಸು ಹೊರಟಿತು. ಬಿಡುಗಡೆ! ಇಷ್ಟು ದಿನ ಕನಸಿನಲ್ಲೂ ಕನವರಿಸಿದ ಬಿಡುಗಡೆ... ಆದರೆ ಕಣ್ಣೇಕೆ ಹಿಂದೆ ಉಳಿದ ಕಾಲೇಜಿನ ಕಡೆಗೇ ತಿರುಗುತ್ತಿದೆ?

ಊರು ದಾಟುವ ಮೊದಲೇ ಬಸ್ಸು ಗಕ್ಕನೆ ನಿಂತಿತು. ಯಾರೋ ಓಡಿ ಬಂದು ಹತ್ತಿದರು. ಏದುಸಿರು ಬಿಡುತ್ತ ಅವಳ ಸೀಟಿನ ಪಕ್ಕ ಬಂದು ನಿಂತವನು ಶಶಿಕಿರಣ.

"ಎಲ್ಲಿಗೆ?" ಎಂದ ಕಂಡಕ್ಟರ್.

"ಶೆಟ್ಟಿಕೊಪ್ಪ."

"ಅಲ್ಲಿ ನಿಮಗೇನು ಕೆಲಸ?" ಎಂದಳು ಭಾರ್ಗವಿ, ಕಿಟಕಿಯ ಕಡೆ ನೋಡುತ್ತಲೇ.

"ಕೆಲಸ ಎಂತದೂ ಇಲ್ಲ. ನಿಮ್ಮಪ್ಪ ಹತ್ತೋಕೆ ಮುಂಚೆ ಇಳೀಬೇಕಲ್ಲ, ಅದಕ್ಕೆ."

ತುಟಿಗೆ ಬಂದ ನಗುವನ್ನು ಅವಳು ಕಷ್ಟಪಟ್ಟು ತಡೆದಳು. ಚೀಲವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯ ಕಡೆಗೆ ಸರಿದಳು. ಅವನು ಪಕ್ಕದಲ್ಲಿ ಕುಳಿತ.

"ಇನ್ನೂ ಸಿಟ್ಟಿದೆಯಾ?"

"ಇದೆ. ತುಂಬಾ ಇದೆ."

"ಎಷ್ಟು ದಿನ?"

"ಗೊತ್ತಿಲ್ಲ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಎರಡು ಮಾತು ಬೈದು ಮರೀತಿದ್ದೆ. ನೀವು ಮಾಡಿದ್ದಕ್ಕೆ ರಾತ್ರಿಯೆಲ್ಲ ಅತ್ತೆ."

ಅವನಿಗೆ ಅರ್ಥವಾಗಲು ಬಸ್ಸು ಒಂದು ತಿರುವು ದಾಟಬೇಕಾಯಿತು. ಅರ್ಥವಾದಾಗ ಅವನ ಕಣ್ಣಲ್ಲೂ ನೀರು.

"ಸೆಪ್ಟೆಂಬರಲ್ಲಿ ಟೂರ್ನಮೆಂಟ್ ಇದೆ," ಎಂದಳು ಅವಳು ಮೆಲ್ಲಗೆ. "ಆ ಕಡೆ ನಿಮ್ಮ ತಂಗಿ, ಈ ಕಡೆ ನಾನು. ಯಾರು ಗೆಲ್ಲಲಿ ಅಂತೀರಿ?"

"ತಂಗಿ ಗೆಲ್ಲಲಿ ಅಂತೀನಿ," ಎಂದ ಅವನು. "ಸೋತು ಹೊರಗೆ ಬರೋ ನಿನ್ನ ಹತ್ರ ಬಂದು ಕೂರೋಕೆ ಒಂದು ನೆಪ ಬೇಕಲ್ಲ ಮಾರಾಯ್ತಿ."

"ಗೆದ್ದು ಬಂದ್ರೆ ಕೂರಲ್ವಾ?"

"ಕೂರ್ತೀನಿ. ಜಾಗ ಕೊಡ್ತೀಯಾ?"

ಭಾರ್ಗವಿ ಚೀಲದ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಅವನ ಕೈ ಹಿಡಿದುಕೊಂಡಳು. ಶೆಟ್ಟಿಕೊಪ್ಪ ಬಂದು ಕಂಡಕ್ಟರ್ ಎರಡು ಸಲ ಕೂಗುವವರೆಗೂ ಬಿಡಲಿಲ್ಲ.